ಲೇಬಲ್ ಇಲ್ಲದ ರೆಗ್ಗೆ ಫ್ಯೂಷನ್ ಕಲಾವಿದ: ಹಾಡು ಬದಲಾಗುತ್ತಾ ಹೋದಾಗ ಯಾವುದನ್ನು ಕೈಬಿಡಬಾರದು?

ಒಂಟಿ ಗಿಟಾರ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಾನು ಮನೆಯಲ್ಲೇ ರೆಗ್ಗೆ ಫ್ಯೂಷನ್ ಹಾಡುಗಳನ್ನು, ಅಂದರೆ ಜಮೈಕಾದ ರೆಗ್ಗೆಗೆ ಬೇರೆ ಸಂಗೀತ ಬೆರೆಸಿದ ಹಾಡುಗಳನ್ನು ಮಾಡುತ್ತೇನೆ. ಲೇಬಲ್ ಇಲ್ಲ, ಮ್ಯಾನೇಜರ್ ಇಲ್ಲ. ಬರೆಯುವುದು, ಹಾಡುವುದು, ಗಿಟಾರ್, ಬೇಸ್, ಮಿಕ್ಸ್ ಎಲ್ಲ ನನ್ನದೇ. ಡ್ರಮ್ಸ್‌ಗೆ ಮಾತ್ರ ಒಬ್ಬ ಗೆಳೆಯ ಬರುತ್ತಾನೆ. ಮೊದಲ ಇಪಿಯಲ್ಲಿ (ಕೆಲವೇ ಹಾಡುಗಳ ಪುಟ್ಟ ಆಲ್ಬಮ್) ರಾಕ್ ಜಾಸ್ತಿ ಇತ್ತು. ಆಮೇಲಿನ ಸಿಂಗಲ್‌ಗಳಲ್ಲಿ (ಬಿಡಿ ಹಾಡುಗಳಲ್ಲಿ) ಸಿಂಥ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್, ಡ್ರಮ್ ಮಷೀನ್ ಬಂದವು. ಈಗ ಕೊಳಲು, ಅಕೌಸ್ಟಿಕ್ ಗಿಟಾರ್ ಇಟ್ಟುಕೊಂಡು ನಿಧಾನದ ಹಾಡುಗಳನ್ನು ಬರೆಯುತ್ತಿದ್ದೇನೆ.

ಕೇಳಿದವರಲ್ಲಿ ಹೆಚ್ಚಿನವರದು ಒಂದೇ ಮಾತು. ಹಾಡುಗಳು ಚೆನ್ನಾಗಿವೆ, ಆದರೆ ಎಲ್ಲವನ್ನೂ ಒಬ್ಬನೇ ಮಾಡಿದ್ದು ಅನ್ನಿಸುವುದಿಲ್ಲ ಅಂತ. ಇನ್ನು ಕೆಲವರು, ಇದರಲ್ಲಿ ರೆಗ್ಗೆ ಎಲ್ಲಿದೆ ಎಂದು ಕೇಳುತ್ತಾರೆ. ನನಗೆ ಬದಲಾಗುವುದು ಬೇಕು. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಲು ಮನಸ್ಸಿಲ್ಲ. ಆದರೆ ಹೀಗೆ ಬದಲಾಗುತ್ತಾ ಹೋದರೂ ಕೇಳುಗರಿಗೆ ಗುರುತು ಸಿಗಬೇಕಾದರೆ ಯಾವುದನ್ನು ಬಿಡಬಾರದು? ಬೇಸ್, ಡ್ರಮ್ಸ್, ಮಿಕ್ಸಿಂಗ್ ಗೊತ್ತಿರುವವರು, ಈ ಸಂಗೀತವನ್ನು ಬಹಳ ಕೇಳಿದವರು ದಯವಿಟ್ಟು ಹೇಳಿ.

ಡ್ರಮ್ ಸ್ಟೂಲ್

ಒಳ್ಳೆಯ ಪ್ರಶ್ನೆ. ನಾನು ಡ್ರಮ್ಸ್ ಕಡೆಯಿಂದ ಹೇಳುತ್ತೇನೆ.

ರೆಗ್ಗೆಯ ಗುರುತು ಗಿಟಾರಿನ 'ಚಕ್ ಚಕ್' ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆ ಸ್ಕ್ಯಾಂಕ್ ಬೇಕು ನಿಜ. ಆದರೆ ಹಾಡು ನಿಲ್ಲುವುದು ಡ್ರಮ್ಸ್ ಎಲ್ಲಿ ಸುಮ್ಮನಿರುತ್ತದೆ ಅನ್ನುವುದರ ಮೇಲೆ. ಒನ್ ಡ್ರಾಪ್ ಎಂಬ ತಾಳ ತೆಗೆದುಕೊಳ್ಳಿ. ನಾಲ್ಕು ಎಣಿಸಿದರೆ ಒಂದರ ಮೇಲೆ ಕಿಕ್ (ಕಾಲಿನ ಪೆಡಲ್‌ನಿಂದ ಬಾರಿಸುವ ದೊಡ್ಡ ಡ್ರಮ್) ಇಲ್ಲ. ಮೂರರ ಮೇಲೆ ಕಿಕ್ ಮತ್ತು ರಿಮ್ (ಸ್ನೇರ್ ಡ್ರಮ್ಮಿನ ಅಂಚಿನ ಹೊಡೆತ) ಎರಡೂ ಒಟ್ಟಿಗೆ ಬೀಳುತ್ತವೆ. ಎರಡು ಮತ್ತು ನಾಲ್ಕರ ಮೇಲೆ ಸ್ಕ್ಯಾಂಕ್. ರಾಕ್‌ನಲ್ಲಿ ಬೆಳೆದ ಕೈಗೆ ಆ ಒಂದನೇ ಬಡಿತವನ್ನು ಖಾಲಿ ಬಿಡುವುದು ಬಹಳ ಕಷ್ಟ. ಕಾಲು ತಾನಾಗಿಯೇ ಹೋಗಿ ಪೆಡಲ್ ಒತ್ತುತ್ತದೆ.

ಬಾಬ್ ಮಾರ್ಲಿಯ ವೇಲರ್ಸ್ ತಂಡದ ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್ ನುಡಿಸಿದ್ದನ್ನು ಗಮನವಿಟ್ಟು ಕೇಳಿ. ಕಿಕ್ ಕಡಿಮೆ, ಆದರೆ ಹೈ ಹ್ಯಾಟ್‌ನಲ್ಲಿ (ಜೋಡಿ ತಾಳದ ತಟ್ಟೆ) ಟ್ರಿಪ್ಲೆಟ್‌ಗಳು, ಅಂದರೆ ಮೂರು ಮೂರರ ಹೊಡೆತಗಳು, ಸಣ್ಣದಾಗಿ ಓಡಾಡುತ್ತಿರುತ್ತವೆ. ಸಮ ಅಂತರದ ಎಂಟರ ಲೆಕ್ಕದಲ್ಲಿ ಇಲ್ಲ, ಪೂರ್ತಿ ಶಫಲ್ (ಕುಂಟುವಂಥ ಲಯ) ಕೂಡ ಅಲ್ಲ. 1970ರ ದಶಕದ ಮಧ್ಯದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಚಾನೆಲ್ ಒನ್ ಸ್ಟುಡಿಯೋದಲ್ಲಿ ಡ್ರಮ್ಮರ್ ಸ್ಲೈ ಡನ್‌ಬಾರ್ ಬೇರೆ ದಾರಿ ಹಿಡಿದರು. ಕಿಕ್ ಜೋರಾಯಿತು, ಹಾಡಿಗೆ ಓಟ ಬಂತು. ಅದನ್ನು ರಾಕರ್ಸ್ ಅನ್ನುತ್ತಾರೆ. ನಾಲ್ಕೂ ಬಡಿತದ ಮೇಲೆ ಕಿಕ್ ಬಿದ್ದರೆ ಸ್ಟೆಪರ್ಸ್. ಮೂರೂ ರೆಗ್ಗೆಯೇ.

ನಿಮ್ಮ ಮೂರು ಹಂತದ ಹಾಡುಗಳಲ್ಲಿ ಈ ಮೂರರಲ್ಲಿ ಯಾವುದಿದೆ ನೋಡಿ. ಪ್ರತಿ ಹಾಡಿಗೂ ಡ್ರಮ್ಸ್ ಬೇರೆ ಬೇರೆ ಮನೆಯಿಂದ ಬಂದಿದ್ದರೆ ಮೇಲೆ ಯಾವ ವಾದ್ಯ ಇಟ್ಟರೂ ಹಾಡು ಒಬ್ಬನದು ಅನ್ನಿಸುವುದಿಲ್ಲ.

ಒಂದು ಪರೀಕ್ಷೆ ಮಾಡಿ. ಡ್ರಮ್ಸ್, ಬೇಸ್ ಬಿಟ್ಟು ಉಳಿದ ಎಲ್ಲ ಟ್ರ್ಯಾಕ್ ಮ್ಯೂಟ್ ಮಾಡಿ. ತಲೆ ತಾನಾಗಿ ಅಲ್ಲಾಡಿದರೆ ಹಾಡು ನಿಂತಿದೆ ಅಂತ ಅರ್ಥ.

ಬೇಸ್ ತಂತಿ

ಡ್ರಮ್ ಸ್ಟೂಲ್ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ರೆಗ್ಗೆಯಲ್ಲಿ ಬೇಸ್ ಹಿಂದೆ ನಿಲ್ಲುವ ವಾದ್ಯ ಅಲ್ಲ. ರಾಗ ಅದರಲ್ಲೇ ಇದೆ. ಮಾರ್ಲಿ ಹಾಡುಗಳಲ್ಲಿ ಆಸ್ಟನ್ 'ಫ್ಯಾಮಿಲಿ ಮ್ಯಾನ್' ಬ್ಯಾರೆಟ್ ನುಡಿಸಿದ ಬೇಸನ್ನು ಮಾತ್ರ ಬಾಯಲ್ಲಿ ಗುನುಗಿದರೂ ಯಾವ ಹಾಡು ಅಂತ ಗೊತ್ತಾಗುತ್ತದೆ. ಅವರು 2024ರಲ್ಲಿ ತೀರಿಕೊಂಡರು. ಸ್ಲೈ ಡನ್‌ಬಾರ್ ಜೊತೆ ಬೇಸ್ ನುಡಿಸುತ್ತಿದ್ದ ರಾಬಿ ಶೇಕ್ಸ್‌ಪಿಯರ್ 2021ರಲ್ಲಿ ಹೋದರು. ಈ ಇಬ್ಬರನ್ನು ಕೇಳದೆ ರೆಗ್ಗೆ ಫ್ಯೂಷನ್‌ಗೆ ಕೈ ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಗಿಟಾರ್ ನುಡಿಸುವವರು ಬೇಸ್ ಬರೆದಾಗ ಸಾಮಾನ್ಯವಾಗಿ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಮೂಲ ಸ್ವರವನ್ನು ಹಿಡಿದು ಎಲ್ಲ ಜಾಗವನ್ನೂ ತುಂಬಿಬಿಡುತ್ತಾರೆ. ಫ್ಯಾಮಿಲಿ ಮ್ಯಾನ್ ಹಾಗಲ್ಲ. ನಾಲ್ಕೈದು ಸ್ವರ ನುಡಿಸಿ ನಿಲ್ಲಿಸುತ್ತಾರೆ. ಆ ನಿಲುಗಡೆ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು ಹಾಡಿನ ಉದ್ದಕ್ಕೂ ಬದಲಾಗುವುದಿಲ್ಲ. ಕೇಳುವವರು ಆ ಖಾಲಿ ಜಾಗಕ್ಕೇ ಕಾಯಲು ಶುರು ಮಾಡುತ್ತಾರೆ.

ನನ್ನ ಸಲಹೆ ಇಷ್ಟು. ಮುಂದಿನ ಹಾಡನ್ನು ಗಿಟಾರ್ ಮುಟ್ಟದೆ ಶುರು ಮಾಡಿ. ಮೊದಲು ಬೇಸ್ ಸಾಲು, ಎರಡು ಬಾರ್ (ತಾಳದ ಎರಡು ಸುತ್ತು) ಸಾಕು. ಅದರ ಮೇಲೆ ಹಾಡಿ ನೋಡಿ. ಕಾರ್ಡ್ ಆಮೇಲೆ. ಟೋನ್ ವಿಷಯಕ್ಕೆ ಬಂದರೆ ಬೇಸಿನ ಟ್ರೆಬಲ್ ಪೂರ್ತಿ ಇಳಿಸಿ, ಹೆಬ್ಬೆರಳಿನಿಂದ ಅಥವಾ ಬೆರಳ ತುದಿಯಿಂದ ಮೆತ್ತಗೆ ನುಡಿಸಿ. ಪಿಕ್ ಬೇಡ.

ನೀವು ಬಿಡಬಾರದ್ದು ಯಾವುದು ಅಂದರೆ ನನ್ನ ಉತ್ತರ ಇದೇ. ಬೇಸ್ ಬರೆಯುವ ನಿಮ್ಮ ರೀತಿ. ಕೊಳಲು ಬರಲಿ, ಸಿಂಥ್ ಬರಲಿ, ಆ ಕೈ ಒಂದೇ ಇರಲಿ.

ಸ್ಯಾಂಪಲ್ ಪೆಟ್ಟಿಗೆ

ಇಬ್ಬರಿಗೂ ಗೌರವ ಇಟ್ಟುಕೊಂಡೇ ನನ್ನ ತಕರಾರು ಹೇಳುತ್ತೇನೆ. ಇಲ್ಲಿ ಮಾತು 1970ರ ದಶಕಕ್ಕೇ ನಿಂತುಬಿಟ್ಟಿದೆ. ಹೊಸಬರು ಬಂದಾಗಲೆಲ್ಲ ನಾವು ಅವರನ್ನು ಆ ಹತ್ತು ವರ್ಷಕ್ಕೆ ಕಳಿಸುತ್ತೇವೆ.

1985ರಲ್ಲಿ ಏನಾಯಿತು ನೋಡಿ. ಕ್ಯಾಸಿಯೋ ಎಂಟಿ-40 ಎಂಬ ಸಣ್ಣ ಕೀಬೋರ್ಡ್. ಮನೆ ಬಳಕೆಗೆ ಮಾಡಿದ್ದು. ಅದರಲ್ಲಿ 'ರಾಕ್' ಅಂತ ಒಂದು ಸಿದ್ಧ ತಾಳ ಇತ್ತು. ವೇನ್ ಸ್ಮಿತ್ ಎಂಬ ಗಾಯಕ ಮತ್ತು ಕಿಂಗ್ ಜ್ಯಾಮಿ ಎಂಬ ನಿರ್ಮಾಪಕ ಆ ತಾಳದ ಮೇಲೆ ಒಂದು ಹಾಡು ಕಟ್ಟಿದರು. ಸ್ಲೆಂಗ್ ಟೆಂಗ್ ರಿದಮ್ ಅಂತ ಅದು ಪ್ರಸಿದ್ಧ. ರಿದಮ್ ಅಂದರೆ ಹಾಡಿನ ಹಿಂದಿನ ಬೇಸ್, ಡ್ರಮ್ಸ್ ಭಾಗ. ಅದರಲ್ಲಿ ಬೇಸ್ ಗಿಟಾರ್ ನುಡಿಸಿದವರೂ ಇಲ್ಲ, ಡ್ರಮ್ಸ್ ಬಾರಿಸಿದವರೂ ಇಲ್ಲ. ಆಮೇಲೆ ಜಮೈಕಾದ ಸಂಗೀತದ ದಿಕ್ಕೇ ಬದಲಾಯಿತು. ಡಾನ್ಸ್‌ಹಾಲ್ (ರೆಗ್ಗೆಯಿಂದ ಬಂದ ಕುಣಿತದ ಸಂಗೀತ) ಹಾಡುಗಳು ಮಷೀನಿನ ಮೇಲೆ ಬರತೊಡಗಿದವು.

ಆ ತಾಳವನ್ನು ಕೀಬೋರ್ಡಿಗೆ ಹಾಕಿದವರು ಕ್ಯಾಸಿಯೋದಲ್ಲಿ ಕೆಲಸ ಮಾಡುತ್ತಿದ್ದ ಒಕುಡಾ ಹಿರೋಕೊ. ಅವರು ಕಾಲೇಜಿನಲ್ಲಿ ರೆಗ್ಗೆ ಬಗ್ಗೆಯೇ ಪ್ರಬಂಧ ಬರೆದಿದ್ದವರು. ಜಪಾನಿನಲ್ಲಿ ಕೂತು ರೆಗ್ಗೆಯನ್ನು ಪ್ರೀತಿಸಿದ ಒಬ್ಬ ಹೆಣ್ಣುಮಗಳ ಕೆಲಸ ತಿರುಗಿ ಕಿಂಗ್‌ಸ್ಟನ್‌ಗೇ ಹೋಗಿ ಹೊಸ ರೆಗ್ಗೆಗೆ ದಾರಿ ಮಾಡಿತು. ನನಗಂತೂ ಇದನ್ನು ನೆನೆಸಿಕೊಂಡಾಗಲೆಲ್ಲ ಖುಷಿಯಾಗುತ್ತದೆ.

ಹಾಗಾಗಿ ಗಿಟಾರ್ ಅವರೇ, ನಿಮ್ಮ ಸಿಂಥ್ ಸಿಂಗಲ್‌ಗಳನ್ನು ದಾರಿ ತಪ್ಪಿದ ಹಂತ ಅಂತ ತಳ್ಳಿಹಾಕಬೇಡಿ. ನನಗೆ ಕೇಳಿದರೆ ಅವೇ ನಿಮ್ಮ ಗಟ್ಟಿ ಕೆಲಸ ಇರಬಹುದು.

ಡ್ರಮ್ ಸ್ಟೂಲ್

ಒಪ್ಪಿದೆ ಪೆಟ್ಟಿಗೆ ಅವರೇ. ಮಷೀನಿನಲ್ಲಿ ಮಾಡಬಾರದು ಅಂತ ನಾನು ಹೇಳಿಲ್ಲ. ಆದರೆ ಸ್ಲೆಂಗ್ ಟೆಂಗ್‌ನಲ್ಲೂ ಹಾಡನ್ನು ಹೊತ್ತಿರುವುದು ಆ ಬೇಸ್ ಸಾಲೇ ಅಲ್ವಾ? ಅದರ ಮೇಲೆ ಇನ್ನೇನೂ ಜಾಸ್ತಿ ಇಲ್ಲ. ಮಷೀನು ಬಂದರೂ ಜಾಗ ಖಾಲಿ ಬಿಡುವ ಗುಣ ಹೋಗಲಿಲ್ಲ. ನಾನು ಹಿಡಿದಿರುವ ಪಾಯಿಂಟ್ ಅದು.

ಹಳೇ ರೆಕಾರ್ಡು

ನಾನು ನುಡಿಸುವವನಲ್ಲ, ಕೇಳುವವನು. ಆದರೆ ಈ ಸಂಗೀತವನ್ನು ಬಹಳ ವರ್ಷಗಳಿಂದ ಕೇಳುತ್ತಿದ್ದೇನೆ. ಪ್ರಶ್ನೆ ಕೇಳಿದವರು 'ಹಂತ' ಅನ್ನುತ್ತಿದ್ದಾರೆ. ಬೇರೆ ಕಲಾವಿದರ ಹಂತಗಳು ಹೇಗಿದ್ದವು ಅಂತ ನೋಡಿದರೆ ಸ್ವಲ್ಪ ಧೈರ್ಯ ಬರಬಹುದು.

ದಕ್ಷಿಣ ಆಫ್ರಿಕಾದ ಲಕಿ ಡ್ಯೂಬ್ ಶುರು ಮಾಡಿದ್ದು ರೆಗ್ಗೆಯಿಂದ ಅಲ್ಲ. ಎಂಬಕಾಂಗ ಎಂಬ ಅಲ್ಲಿನ ಜನಪ್ರಿಯ ಸಂಗೀತ, ಜುಲು ಭಾಷೆಯಲ್ಲಿ. ಅದರಲ್ಲಿ ಅವರಿಗೆ ಕೇಳುಗರಿದ್ದರು. 1984ರಲ್ಲಿ ಅವರು ಪುಟ್ಟದೊಂದು ರೆಗ್ಗೆ ರೆಕಾರ್ಡ್ ತಂದರು. ಅದು ಎಂಬಕಾಂಗ ರೆಕಾರ್ಡುಗಳಷ್ಟು ಮಾರಾಟ ಆಗಲಿಲ್ಲ. ಮೇಲಿಂದ ವರ್ಣಭೇದದ ಸರ್ಕಾರ ಅದನ್ನು ನಿಷೇಧಿಸಿತು. ಹಿಂದಕ್ಕೆ ಹೋಗಲು ಅವರಿಗೆ ಎಲ್ಲ ಕಾರಣಗಳೂ ಇದ್ದವು. ಹೋಗಲಿಲ್ಲ. ಮುಂದಿನ ರೆಗ್ಗೆ ಆಲ್ಬಮ್ ಗೆದ್ದಿತು. 2007ರಲ್ಲಿ ಅವರ ಕೊಲೆಯಾಗುವ ಹೊತ್ತಿಗೆ ಆಫ್ರಿಕಾದ ದೊಡ್ಡ ರೆಗ್ಗೆ ಗಾಯಕರಲ್ಲಿ ಒಬ್ಬರಾಗಿದ್ದರು. ಅವರ ರೆಗ್ಗೆ ಹಾಡುಗಳಲ್ಲಿ ಹಿಂದೆ ಹಾಡುವ ಹೆಣ್ಣುಮಕ್ಕಳ ದನಿ, ಕೀಬೋರ್ಡಿನ ಮಿಂಚು ಕೇಳಿ. ಎಂಬಕಾಂಗ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಹೊಸದಾಗಿ ಏನನ್ನೋ ತಂದು ಬೆರೆಸಬೇಕಾಗಿ ಬರಲಿಲ್ಲ ಅವರಿಗೆ. ಬಾಯಲ್ಲಿ, ಕೈಯಲ್ಲಿ ಮೊದಲೇ ಇದ್ದದ್ದು ತಾನಾಗಿ ಬಂತು.

ಐವರಿ ಕೋಸ್ಟ್‌ನ ಆಲ್ಫಾ ಬ್ಲಾಂಡಿ ಡಿಯೂಲ, ಫ್ರೆಂಚ್, ಇಂಗ್ಲಿಷ್ ಹೀಗೆ ಹಲವು ಭಾಷೆಗಳಲ್ಲಿ ಹಾಡಿದರು. 1986ರಲ್ಲಿ ಅವರು ವೇಲರ್ಸ್ ತಂಡದ ಜೊತೆಗೇ ಆಲ್ಬಮ್ ಮಾಡಿದರು. ನುಡಿಸಿದವರು ಜಮೈಕಾದವರು, ಹಾಡಿದ ರೀತಿ ಪಶ್ಚಿಮ ಆಫ್ರಿಕಾದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹ್ಯಾಂಡ್ಸ್‌ವರ್ತ್‌ನಲ್ಲಿ ಬೆಳೆದ ಅಪಾಚೆ ಇಂಡಿಯನ್ ಎಂಬ ಗಾಯಕ 1990ರ ದಶಕದ ಶುರುವಿನಲ್ಲಿ ಪಂಜಾಬಿ ಭಾಂಗ್ರಾ ಮತ್ತು ರಾಗಾವನ್ನು (ಮಷೀನಿನ ಮೇಲೆ ಮಾಡುವ ಡಾನ್ಸ್‌ಹಾಲ್) ಒಂದು ಮಾಡಿದರು. ಅವರ ಬೀದಿಯಲ್ಲಿ ಎರಡೂ ಕೇಳುತ್ತಿದ್ದವು. ಗ್ರೌಂಡೇಶನ್ ತಂಡ 1998ರಲ್ಲಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸೊನೋಮಾ ಸ್ಟೇಟ್ ವಿಶ್ವವಿದ್ಯಾಲಯದ ಜಾಝ್ ತರಗತಿಗಳ ಸುತ್ತ. ಅವರ ರೆಗ್ಗೆಯಲ್ಲಿ ಜಾಝ್ ಇರುವುದು ಸಹಜ, ಅದನ್ನೇ ಕಲಿತವರು ಅವರು.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಕೊಳಲು ನಿಮಗೆ ಎಲ್ಲಿಂದ ಬಂತು? ಚಿಕ್ಕಂದಿನಿಂದ ಕಿವಿಯಲ್ಲಿದ್ದದ್ದಾ, ಈಚೆಗೆ ಎಲ್ಲೋ ಕೇಳಿ ಇಷ್ಟವಾದದ್ದಾ? ಎರಡೂ ತಪ್ಪಲ್ಲ. ಆದರೆ ಮೊದಲನೆಯದಾದರೆ ಅದು ನಿಮ್ಮ ಎಲ್ಲ ಹಾಡಿನಲ್ಲೂ ಈಗಾಗಲೇ ಎಲ್ಲೋ ಅಡಗಿರುತ್ತದೆ. ಹುಡುಕಿ.

ಕೊನೆಗೆ ಒಂದು ಕೇಳುವ ಕೆಲಸ ಕೊಡುತ್ತೇನೆ. ವೇಲರ್ಸ್‌ನ 1973ರ 'ಕ್ಯಾಚ್ ಎ ಫೈರ್' ಆಲ್ಬಮ್. ಕಿಂಗ್‌ಸ್ಟನ್‌ನಲ್ಲಿ ರೆಕಾರ್ಡ್ ಆದ ಟೇಪುಗಳ ಮೇಲೆ ಲಂಡನ್ನಿನಲ್ಲಿ ರಾಕ್ ಗಿಟಾರ್, ಕೀಬೋರ್ಡ್ ಸೇರಿಸಿದರು. ಗಿಟಾರ್ ನುಡಿಸಿದ ವೇನ್ ಪರ್ಕಿನ್ಸ್ ಅಲಬಾಮಾದವರು. 2001ರ ಮರುಮುದ್ರಣದಲ್ಲಿ ಸೇರಿಸುವುದಕ್ಕೆ ಮೊದಲಿನ ಜಮೈಕಾ ರೂಪವೂ ಇದೆ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಕೇಳಿ. ಎಷ್ಟು ಸೇರಿಸಿದರು, ಯಾವುದನ್ನು ಮುಟ್ಟಲಿಲ್ಲ ಅನ್ನುವುದು ಕಿವಿಗೇ ಗೊತ್ತಾಗುತ್ತದೆ. ಫ್ಯೂಷನ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಒಂಟಿ ಗಿಟಾರ್

ಹಳೇ ರೆಕಾರ್ಡು ಅವರೇ, ತುಂಬಾ ಧನ್ಯವಾದ. ಎರಡೂ ರೂಪ ಕೇಳಿದೆ. ಲಂಡನ್ನಿನಲ್ಲಿ ಸೇರಿಸಿದ ಗಿಟಾರ್ ಬಹುಪಾಲು ಹಾಡುಗಾರಿಕೆ ನಿಂತ ಕಡೆಯಲ್ಲೇ ಬರುತ್ತದೆ. ಬೇಸ್ ಇದ್ದ ಹಾಗೇ ಇದೆ.

ಕೊಳಲು ಮನೆಯಲ್ಲೇ ಇತ್ತು. ನಮ್ಮಪ್ಪ ನುಡಿಸುತ್ತಿದ್ದರು. ಮೊದಲ ಇಪಿಯ ಗಿಟಾರ್ ಸೋಲೋಗಳನ್ನು ನಿಮ್ಮ ಮಾತಿನ ಮೇಲೆ ಮತ್ತೆ ಕೇಳಿದೆ. ಸ್ವರವನ್ನು ಜಾರಿಸುವ ರೀತಿ, ಉಸಿರು ತೆಗೆದುಕೊಳ್ಳುವಂತೆ ನಿಲ್ಲಿಸುವ ರೀತಿ ಕೊಳಲಿನದೇ. ಇಷ್ಟು ದಿನ ಯಾರೂ ಅದನ್ನು ತೋರಿಸಿರಲಿಲ್ಲ.

ಬೇಸ್ ತಂತಿ ಅವರ ಸಲಹೆ ಕೂಡ ಮಾಡಿ ನೋಡಿದೆ. ಮೊದಲು ಬೇಸ್, ಆಮೇಲೆ ದನಿ. ಹಾಡುವಾಗ ಪದಗಳು ಕಡಿಮೆಯಾದವು. ಬೇಸ್ ನಿಂತ ಕಡೆ ದನಿ ಬರುತ್ತದೆ, ದನಿ ನಿಂತ ಕಡೆ ಬೇಸ್. ಕಾರ್ಡ್ ಎರಡೇ ಸಾಕಾದವು.

ಈಗ ಮಿಕ್ಸ್ ಬಗ್ಗೆ ಕೇಳಬೇಕು. ಡಿಲೇ (ಪ್ರತಿಧ್ವನಿ) ಹಾಕಿದರೆ ಎಲ್ಲ ಕಲಸಿಹೋಗುತ್ತದೆ, ತೆಗೆದರೆ ಒಣಗಿದ ಹಾಗಾಗುತ್ತದೆ.

ಮಿಕ್ಸರ್ ಮುಂದೆ

ಇದು ನನ್ನ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಟೆಂಪೋ. ಮೇಲೆ ಡ್ರಮ್ ಸ್ಟೂಲ್ ಮೂರರ ಮೇಲೆ ಡ್ರಾಪ್ (ಕಿಕ್, ರಿಮ್ ಒಟ್ಟಿಗೆ ಬೀಳುವ ಹೊಡೆತ) ಅಂದರು. ಅದು ಪ್ರಾಜೆಕ್ಟ್ 150 ಬಿಪಿಎಂ (ನಿಮಿಷಕ್ಕೆ 150 ಬಡಿತ) ಇದ್ದಾಗಿನ ಲೆಕ್ಕ. ಅದೇ ಹಾಡನ್ನು 75ರಲ್ಲಿ ತೆರೆದರೆ ಡ್ರಾಪ್ ಎರಡು ಮತ್ತು ನಾಲ್ಕರ ಮೇಲೆ ಬೀಳುತ್ತದೆ, ಸ್ಕ್ಯಾಂಕ್ ಬಡಿತಗಳ ನಡುವೆ ಹೋಗುತ್ತದೆ. ಹಾಡು ಒಂದೇ, ಎಣಿಕೆ ಬೇರೆ. ಗೆಳೆಯರ ಜೊತೆ ಫೈಲ್ ಹಂಚಿಕೊಳ್ಳುವಾಗ ಇದರಲ್ಲೇ ಬಹಳ ಗೊಂದಲ ಆಗುತ್ತದೆ. ಮೊದಲೇ ಮಾತಾಡಿಕೊಳ್ಳಿ.

75 ಬಿಪಿಎಂನಲ್ಲಿ ಒಂದು ಬಡಿತಕ್ಕೆ 800 ಮಿಲಿಸೆಕೆಂಡ್. ರಿಮ್ ಹೊಡೆತಕ್ಕೆ 400ರ ಡಿಲೇ ಹಾಕಿದರೆ ಮೊದಲ ಪ್ರತಿಧ್ವನಿ ನೇರವಾಗಿ ಸ್ಕ್ಯಾಂಕ್ ಮೇಲೆ ಬೀಳುತ್ತದೆ. ನೀವು ಹೇಳಿದ ಕಲಸಿಹೋಗುವುದು ಅಲ್ಲೇ ಶುರುವಾಗುತ್ತಿರಬಹುದು. 600 ಹಾಕಿ ನೋಡಿ. ಮೊದಲ ಪ್ರತಿಧ್ವನಿ ಸ್ಕ್ಯಾಂಕ್ ದಾಟಿದ ಮೇಲಿನ ಸಣ್ಣ ಖಾಲಿ ಜಾಗಕ್ಕೆ ಹೋಗಿ ಕೂರುತ್ತದೆ. ಎರಡನೆಯದು ಸ್ಕ್ಯಾಂಕ್ ಮೇಲೆ ಬರುತ್ತದೆ, ಆದರೆ ಅಷ್ಟು ಹೊತ್ತಿಗೆ ಅದು ಮೆತ್ತಗಾಗಿರುತ್ತದೆ. ಹಾಡು ಉಸಿರಾಡುತ್ತದೆ.

ಇನ್ನೊಂದು ವಿಷಯ. ಡಿಲೇಯನ್ನು ಟ್ರ್ಯಾಕ್ ಮೇಲೆ ಹಾಕಿ ಬಿಟ್ಟುಬಿಡಬೇಡಿ. ಸೆಂಡ್‌ನಲ್ಲಿ (ಟ್ರ್ಯಾಕಿನಿಂದ ಬೇಕಾದಷ್ಟನ್ನೇ ಡಿಲೇಗೆ ಕಳಿಸುವ ದಾರಿ) ಇಡಿ. ಸೆಂಡ್ ಸಾಮಾನ್ಯವಾಗಿ ಸೊನ್ನೆಯಲ್ಲೇ ಇರಲಿ. ಸಾಲು ಮುಗಿಯುವ ಒಂದು ಹೊಡೆತಕ್ಕೆ, ಹಾಡಿದ ಒಂದು ಪದಕ್ಕೆ ಮಾತ್ರ ಕೈಯಿಂದ ಏರಿಸಿ ತಕ್ಷಣ ಇಳಿಸಿ. ಡಿಲೇ ನಂತರ ಹೈ ಪಾಸ್ ಫಿಲ್ಟರ್ ಇಟ್ಟು 300 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಬೇಸ್‌ನ ಜಾಗಕ್ಕೆ ಪ್ರತಿಧ್ವನಿ ಇಳಿಯಬಾರದು.

ಕಿಂಗ್ ಟಬ್ಬಿ ಎಂದು ಹೆಸರಾದ ಆಸ್ಬೋರ್ನ್ ರಡಕ್ ಮೂಲತಃ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವರು. ರೆಕಾರ್ಡ್ ಆದ ಹಾಡನ್ನು ಮಿಕ್ಸರಿನಲ್ಲೇ ಹೊಸದಾಗಿ ರೂಪಿಸುವ ಡಬ್ ಎಂಬ ಕಲೆಯನ್ನು ಕಟ್ಟಿದ್ದು ನಾಲ್ಕು ಟ್ರ್ಯಾಕಿನ ಸೆಕೆಂಡ್ ಹ್ಯಾಂಡ್ ಮಿಕ್ಸರ್ ಮೇಲೆ. ಅದರ ಹೈ ಪಾಸ್ ಫಿಲ್ಟರಿನ ಗುಂಡಿಯನ್ನು ಅವರು ವಾದ್ಯದ ಹಾಗೆ ನುಡಿಸಿದರು. ಜಮೈಕಾದ ನಿರ್ಮಾಪಕ ಲೀ 'ಸ್ಕ್ರ್ಯಾಚ್' ಪೆರಿ 1973ರಲ್ಲಿ ತಮ್ಮ ಮನೆಯ ಹಿತ್ತಲಲ್ಲೇ ಬ್ಲ್ಯಾಕ್ ಆರ್ಕ್ ಸ್ಟುಡಿಯೋ ಕಟ್ಟಿದರು. ಅಲ್ಲೂ ನಾಲ್ಕೇ ಟ್ರ್ಯಾಕ್. ಜಾಗ ಸಾಲದಿದ್ದಾಗ ಇದ್ದದ್ದನ್ನು ಒಂದಕ್ಕೆ ಇಳಿಸಿ ಮತ್ತೆ ಮೇಲೆ ರೆಕಾರ್ಡ್ ಮಾಡುತ್ತಿದ್ದರು. ಒಮ್ಮೆ ಇಳಿಸಿದ ಮೇಲೆ ಬದಲಿಸಲು ಬರುವುದಿಲ್ಲ. ನಿರ್ಧಾರ ಆಗಲೇ ಆಗಬೇಕು. ಮನೆಯಲ್ಲಿ ಕೂತು ಕೆಲಸ ಮಾಡುವ ನಮಗೆ ಟ್ರ್ಯಾಕುಗಳಿಗೆ ಮಿತಿಯೇ ಇಲ್ಲ, ಅದಕ್ಕೇ ನಿರ್ಧಾರ ಮುಂದೂಡುತ್ತೇವೆ. ಹೊಸ ಹಾಡುಗಳಿಗೆ ನೀವೇ ಒಂದು ಮಿತಿ ಹಾಕಿಕೊಳ್ಳಿ. ಎಂಟು ಟ್ರ್ಯಾಕ್ ಅಂದರೆ ಎಂಟೇ.

ಪ್ರತಿ ಹಾಡಿನ ಜೊತೆ ಒಂದು ಡಬ್ ವರ್ಷನ್ ಕೂಡ ಮಾಡಿ. ಜಮೈಕಾದ ಸಿಂಗಲ್‌ಗಳ ಹಿಂಬದಿಯಲ್ಲಿ 'ವರ್ಷನ್' ಇರುವುದು ಹಳೆಯ ವಾಡಿಕೆ. ಅದೇ ಹಾಡು, ದನಿ ಕಳಚಿ, ಬೇಸ್ ಮತ್ತು ಡ್ರಮ್ಸ್ ಮುಂದೆ ತಂದು. ನಿಮ್ಮ ಮೂರು ಹಂತದ ಹಾಡುಗಳಿಗೂ ಡಬ್ ಮಾಡಿ ಒಟ್ಟಿಗೆ ಕೇಳಿಸಿ. ಮೇಲಿನ ಅಲಂಕಾರ ಹೋದಾಗ ಒಬ್ಬನೇ ಮನುಷ್ಯ ಕಾಣುತ್ತಾನೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಮೆಲೋಡಿಕಾ ಅಕ್ಕ

ಮಿಕ್ಸರ್ ಮುಂದೆ ಅವರ ಉತ್ತರ ಸೇವ್ ಮಾಡಿಟ್ಟುಕೊಂಡೆ.

ನಾನು ಕೀಬೋರ್ಡ್ ನುಡಿಸುತ್ತೇನೆ. ಆರ್ಗನ್ ಬಬಲ್ ಎಂಬ ನುಡಿಸುವ ರೀತಿಯ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಬಲಗೈ ಸ್ಕ್ಯಾಂಕ್ ಜೊತೆಗೇ ಬೀಳುತ್ತದೆ. ಎಡಗೈ ಅದರ ಹಿಂದೆ ಮುಂದೆ ಇರುವ ಸಣ್ಣ ಜಾಗಗಳಲ್ಲಿ ಮೆತ್ತಗೆ ಆಡುತ್ತದೆ. ಕೇಳುವವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ, ಆದರೆ ತೆಗೆದರೆ ಹಾಡು ಕುಸಿಯುತ್ತದೆ. ತಮ್ಮಾ, ನಿನ್ನ ಅಕೌಸ್ಟಿಕ್ ಹಾಡುಗಳಲ್ಲಿ ಈ ಕೆಲಸವನ್ನು ಅಕೌಸ್ಟಿಕ್ ಗಿಟಾರಿಗೇ ಕೊಡು. ತಂತಿಯನ್ನು ಅಂಗೈಯಿಂದ ಮುಚ್ಚಿ ನುಡಿಸಿದರೆ ಬಬಲ್ ಬರುತ್ತದೆ.

ಕೊಳಲಿಗೆ ದಾರಿ ಹೊಸದಲ್ಲ. ಜಮೈಕಾದ ಆಗಸ್ಟಸ್ ಪ್ಯಾಬ್ಲೋ ಮೆಲೋಡಿಕಾ ನುಡಿಸಿದ್ದನ್ನು ಕೇಳು. ಮಕ್ಕಳು ಶಾಲೆಯಲ್ಲಿ ಕಲಿಯುವ ವಾದ್ಯ ಅದು, ಊದಿ ನುಡಿಸುವಂಥದ್ದು. ಅವರು ಅದನ್ನು ಮೈನರ್ ಸ್ವರಗಳಲ್ಲಿ, ಭಾರವಾದ ಬೇಸ್ ಮೇಲೆ, ಬಹಳ ಕಡಿಮೆ ಸ್ವರ ಹಾಕಿ ನುಡಿಸಿದರು. ಕೊಳಲಿನಲ್ಲಿ ಕೈಗೆ ಎಷ್ಟು ಬರುತ್ತದೆ ಅಂತ ತೋರಿಸಲು ಹೋದರೆ ಕೆಳಗಿನ ರೆಗ್ಗೆ ಮುಳುಗಿಹೋಗುತ್ತದೆ. ದನಿಗೆ ಉತ್ತರ ಕೊಡುವಷ್ಟು ಸಾಕು.

ಇನ್ನೊಂದು ವಿಷಯ ಹೇಳಲೇಬೇಕು, ಇದು ನನಗೆ ಮುಖ್ಯ. ರೆಗ್ಗೆ ಮಾಡುವ ಹೊಸಬರು ಎಷ್ಟೋ ಜನ ಜಮೈಕಾದ ಉಚ್ಚಾರಣೆ, ದೇವರಿಗೆ ಹೇಳುವ 'ಜಾ' ಎಂಬ ಪದ, ಕೆಂಪು-ಹಳದಿ-ಹಸಿರು ಬಣ್ಣ, ಜಡೆ ಎಲ್ಲವನ್ನೂ ಹಾಗೇ ಎತ್ತಿಕೊಳ್ಳುತ್ತಾರೆ. ಇವೆಲ್ಲ ರಾಸ್ತಫಾರಿ ಧರ್ಮದ ಜೊತೆ ಬಂದವು. ರಾಸ್ತಫಾರಿ 1930ರ ದಶಕದಲ್ಲಿ ಜಮೈಕಾದ ಬಡವರ ನಡುವೆ ಹುಟ್ಟಿದ ನಂಬಿಕೆ. ಅದಕ್ಕಾಗಿ ಜನ ಪೊಲೀಸರಿಂದ ಹೊಡೆಸಿಕೊಂಡಿದ್ದಾರೆ. ಅದು ವೇಷ ಅಲ್ಲ. ನಿನಗೆ ಆ ನಂಬಿಕೆ ಇದ್ದರೆ ಸರಿ. ಇಲ್ಲದಿದ್ದರೆ ನಿನ್ನ ಮಾತಿನಲ್ಲಿ, ನಿನ್ನ ಕಷ್ಟಸುಖವನ್ನು ಹಾಡು. ಈ ಸಂಗೀತ ಕೇಳುವುದೂ ಅದನ್ನೇ.

ಅಮೆರಿಕದ ಗಾಯಕ ಮತ್ತಿಸ್ಯಾಹು ಶುರುವಿನಲ್ಲಿ ಹಸಿಡಿಕ್ (ಕಟ್ಟಾ ಸಂಪ್ರದಾಯದ) ಯಹೂದಿಯಾಗಿ, ಉದ್ದ ಗಡ್ಡ, ಕಪ್ಪು ಟೋಪಿಯಲ್ಲಿ ರೆಗ್ಗೆ ಹಾಡಿದರು. ತನ್ನ ಸ್ವಂತ ನಂಬಿಕೆಯನ್ನು ತಂದರು, ಬೇರೆಯವರದನ್ನಲ್ಲ. ಆದರೆ ಜನ ಆ ರೂಪಕ್ಕೇ ಅಂಟಿಕೊಂಡರು. 2011ರ ಕೊನೆಗೆ ಅವರು ಗಡ್ಡ ತೆಗೆದಾಗ ಎಷ್ಟೋ ಅಭಿಮಾನಿಗಳಿಗೆ ಅದು ದೊಡ್ಡ ಆಘಾತವಾಯಿತು. ಕಲಾವಿದ ಬೆಳೆಯುವಾಗ ರೂಪ ಬದಲಾಗುತ್ತದೆ. ಅದಕ್ಕೇ ಗುರುತನ್ನು ಬಟ್ಟೆ, ಗಡ್ಡ, ಬಣ್ಣದಲ್ಲಿ ಇಡಬಾರದು. ಕೇಳಿಸುವುದರಲ್ಲಿ ಇಡಬೇಕು.

ಸ್ಯಾಂಪಲ್ ಪೆಟ್ಟಿಗೆ

ಅಕ್ಕ, ವೇಷದ ವಿಷಯ ಪೂರ್ತಿ ಒಪ್ಪುತ್ತೇನೆ. ಆದರೆ ಇದನ್ನೇ ಹಿಡಿದು ಜಮೈಕಾದ ಹೊರಗಿನವರು ರೆಗ್ಗೆ ಮಾಡಲೇಬಾರದು ಅನ್ನುವವರೂ ಇದ್ದಾರೆ. 2022ರಲ್ಲಿ ಅಮೆರಿಕದ ಸೋಜಾ ತಂಡಕ್ಕೆ ಅತ್ಯುತ್ತಮ ರೆಗ್ಗೆ ಆಲ್ಬಮ್ ಗ್ರ್ಯಾಮಿ ಬಂದಾಗ ದೊಡ್ಡ ವಾದವೇ ನಡೆಯಿತು. ಪಟ್ಟಿಯಲ್ಲಿ ಜಮೈಕಾದ ಒಳ್ಳೊಳ್ಳೆಯ ಕಲಾವಿದರಿದ್ದರು.

ಮೆಲೋಡಿಕಾ ಅಕ್ಕ

ಆ ಸಿಟ್ಟು ನನಗೆ ಅರ್ಥವಾಗುತ್ತದೆ. 2018ರಲ್ಲಿ ಯುನೆಸ್ಕೋ ಜಮೈಕಾದ ರೆಗ್ಗೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹಣ, ಪ್ರಶಸ್ತಿ, ದೊಡ್ಡ ವೇದಿಕೆ ಎಷ್ಟೋ ಸಲ ಬೇರೆ ಕಡೆಗೇ ಹೋಗುತ್ತವೆ. ಯಾರೂ ಮಾಡಬಾರದು ಅಂತ ನಾನು ಹೇಳುವುದಿಲ್ಲ. ಮಾಡುವವರು ಎಲ್ಲಿಂದ ಕಲಿತೆವು ಅನ್ನುವುದನ್ನು ಹೆಸರಿಟ್ಟು ಹೇಳಲಿ. ಯಾರದಾದರೂ ರಿದಮ್ ಬಳಸಿದರೆ ಕೇಳಿ, ದುಡ್ಡು ಕೊಟ್ಟು ಬಳಸಲಿ.

ಕಾಗದ ಪತ್ರ

ದುಡ್ಡಿನ ಮಾತು ಬಂದದ್ದು ಒಳ್ಳೆಯದಾಯಿತು. ಸ್ವತಂತ್ರ ಕಲಾವಿದರು ಈ ಭಾಗವನ್ನು ಕೊನೆಗೆ ಇಡುತ್ತಾರೆ.

ಜಮೈಕಾದ ಗಾಯಕಿ ಸಿಸ್ಟರ್ ನ್ಯಾನ್ಸಿ 1982ರಲ್ಲಿ ಹಾಡಿದ 'ಬ್ಯಾಮ್ ಬ್ಯಾಮ್' ರೆಗ್ಗೆಯಲ್ಲಿ ಅತಿ ಹೆಚ್ಚು ಸ್ಯಾಂಪಲ್ ಆದ, ಅಂದರೆ ಬೇರೆಯವರು ತುಣುಕು ಎತ್ತಿ ತಮ್ಮ ಹಾಡಿಗೆ ಹಾಕಿಕೊಂಡ, ಹಾಡುಗಳಲ್ಲಿ ಒಂದು. ದಶಕಗಳ ಕಾಲ ಅದರಿಂದ ತನಗೆ ರಾಯಲ್ಟಿ ಸಿಗಲಿಲ್ಲ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಇಂಥ ಕತೆಗಳು ರೆಗ್ಗೆಯಲ್ಲಿ ಬೇಕಾದಷ್ಟಿವೆ. ಅದಕ್ಕೇ ಮಾರ್ಲಿ ಮತ್ತು ಗೆಳೆಯರು 1960ರ ದಶಕದಲ್ಲೇ ಸ್ವಂತ ಲೇಬಲ್ ಮಾಡಲು ಹೊರಟಿದ್ದು, ಆಮೇಲೆ ಟಫ್ ಗಾಂಗ್ ಎಂಬ ಅವರ ಲೇಬಲ್ ಬಂದದ್ದು. ಕ್ಯಾಲಿಫೋರ್ನಿಯಾದ ಸಬ್ಲೈಮ್ ತಂಡ 1992ರಲ್ಲಿ ಮೊದಲ ಆಲ್ಬಮ್ಮನ್ನು ತಮ್ಮದೇ ಸ್ಕಂಕ್ ರೆಕಾರ್ಡ್ಸ್‌ನಿಂದ ತಂದಿತು. ಅಲ್ಲಿನದೇ ರೆಬೆಲ್ಯೂಷನ್ ತಂಡಕ್ಕೆ 87 ಮ್ಯೂಸಿಕ್ ಎಂಬ ಸ್ವಂತ ಲೇಬಲ್ ಇದೆ.

ಹಾಡಿಗೆ ಎರಡು ಹಕ್ಕುಗಳಿವೆ. ರಾಗ ಮತ್ತು ಸಾಹಿತ್ಯದ್ದು ಒಂದು. ರೆಕಾರ್ಡಿಂಗ್‌ನದ್ದು, ಅಂದರೆ ಮಾಸ್ಟರ್‌ನದ್ದು ಇನ್ನೊಂದು. ಹಳೆಯ ರೆಕಾರ್ಡಿನಿಂದ ಸ್ಯಾಂಪಲ್ ಎತ್ತಿದರೆ ಎರಡಕ್ಕೂ ಅನುಮತಿ ಬೇಕು. ಅದೇ ಬೇಸ್ ಸಾಲನ್ನು ನೀವೇ ಮತ್ತೆ ನುಡಿಸಿದರೂ ಮೊದಲನೆಯದು ಉಳಿಯುತ್ತದೆ. ಡ್ರಮ್ಸ್ ಬಾರಿಸುವ ಗೆಳೆಯನ ಜೊತೆ ಪಾಲು ಎಷ್ಟು ಅಂತ ಈಗಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಹಾಡು ಯಾರಿಗೂ ಗೊತ್ತಿಲ್ಲದಾಗ ಈ ಮಾತು ಸುಲಭ. ಹಾಡು ಓಡಿದ ಮೇಲೆ ಗೆಳೆತನಕ್ಕೇ ಪೆಟ್ಟು ಬೀಳುತ್ತದೆ.

ಒಂಟಿ ಗಿಟಾರ್

ಹಾಳೆ ಬರೆದಾಯಿತು. ಗೆಳೆಯನಿಗೂ ಖುಷಿಯಾಯಿತು.

ಹಳೆಯ ಹಾಡುಗಳ ಡಬ್ ವರ್ಷನ್ ಮಾಡಿದೆ. ಸಿಂಥ್ ಸಿಂಗಲ್‌ಗಳ ಡಬ್ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ, ಪೆಟ್ಟಿಗೆ ಅವರು ಹೇಳಿದ್ದು ನಿಜ. ಅಲ್ಲಿ ಬೇಸ್ ಮಷೀನಿನಲ್ಲಿದೆ, ಹಾಗಾಗಿ ಸ್ವರ ಕಡಿಮೆ, ಜಾಗ ಜಾಸ್ತಿ.

ಹೊಸ ಆಲ್ಬಮ್‌ಗೆ ಒಂದು ಯೋಚನೆ ಮಾಡಿದ್ದೇನೆ. ಎಲ್ಲ ಹಾಡಿಗೂ ಮೊದಲು ಬೇಸ್. ಡ್ರಮ್ಸ್ ಒನ್ ಡ್ರಾಪ್ ಅಥವಾ ಸ್ಟೆಪರ್ಸ್, ಬೇರೆ ಇಲ್ಲ. ಕೊಳಲು ಎಲ್ಲ ಹಾಡಿನಲ್ಲೂ ಇರುತ್ತದೆ, ದನಿ ನಿಂತಾಗ ಮಾತ್ರ. ಅರ್ಧ ಹಾಡುಗಳಲ್ಲಿ ಸಿಂಥ್ ಬೇಸ್, ಅರ್ಧದಲ್ಲಿ ನಾನು ನುಡಿಸಿದ್ದು. ಎಂಟೇ ಟ್ರ್ಯಾಕ್. ಹೀಗೆ ಹೋಗಬಹುದಾ?

ಬೇಸ್ ತಂತಿ

ಖಂಡಿತ ಹೋಗಬಹುದು. ಒಂದು ಮಾತ್ರ ನೋಡಿಕೊಳ್ಳಿ. ಸಿಂಥ್ ಬೇಸ್ ಹಾಡು, ನುಡಿಸಿದ ಬೇಸ್ ಹಾಡು ಒಂದರ ಹಿಂದೆ ಒಂದು ಬಂದಾಗ ಕೆಳಗಿನ ಸದ್ದಿನ ಮಟ್ಟ ಒಂದೇ ಇರಬೇಕು. ಸಿಂಥ್‌ನಲ್ಲಿ 50 ಹರ್ಟ್ಸ್ ಸುತ್ತ ಬಹಳ ತುಂಬಿಕೊಳ್ಳುತ್ತದೆ. ನುಡಿಸಿದ ಬೇಸ್ ಅದಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ. ನುಡಿಸಿದ್ದನ್ನು ಅಳತೆಗೆ ಇಟ್ಟುಕೊಂಡು ಸಿಂಥ್ ಅನ್ನು ಅದಕ್ಕೆ ಹೊಂದಿಸಿ.

ಸ್ಯಾಂಪಲ್ ಪೆಟ್ಟಿಗೆ

ನಾನು ಉಲ್ಟಾ ಹೇಳುತ್ತೇನೆ, ಸಿಂಥ್ ಅನ್ನು ಅಳತೆಗೆ ಇಟ್ಟುಕೊಳ್ಳಿ. ದೊಡ್ಡ ಸ್ಪೀಕರಿನಲ್ಲಿ ಕೇಳುವವರಿಗೆ ಆ 50 ಹರ್ಟ್ಸ್ ಬೇಕು. ನುಡಿಸಿದ ಬೇಸಿಗೇ ಕೆಳಗೆ ಒಂದು ಸಣ್ಣ ಸೈನ್ ಅಲೆ (ಒಂದೇ ಕಂಪನದ ಶುದ್ಧ ಸದ್ದು) ಸೇರಿಸಿದರೆ ಆಯಿತು.

ಮಿಕ್ಸರ್ ಮುಂದೆ

ಇಬ್ಬರದ್ದೂ ಮಾಡಿ ನೋಡಬಹುದು. ಯಾವುದನ್ನು ಆರಿಸಿದರೂ 100 ಹರ್ಟ್ಸ್ ಕೆಳಗಿನದೆಲ್ಲ ಮೋನೋದಲ್ಲಿ (ಎಡ, ಬಲ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದಾಗಿ) ಇರಲಿ. ಎರಡು ಹಾಡಿನ ಬೇಸ್ ಮತ್ತು ಡ್ರಮ್ಸ್ ಟ್ರ್ಯಾಕ್ ಮಾತ್ರ ಕಳಿಸಿ, ಎರಡೂ ರೀತಿಯಲ್ಲಿ ಮಿಕ್ಸ್ ಮಾಡಿ ಇಲ್ಲೇ ಹಾಕುತ್ತೇನೆ. ಎಲ್ಲರೂ ಕೇಳಿ ಹೇಳಲಿ. ಟೆಂಪೋ 75 ಅಂತ ಇಟ್ಟಿದ್ದೀರೋ 150 ಅಂತಲೋ, ಫೈಲಿನ ಹೆಸರಿನಲ್ಲೇ ಬರೆಯಿರಿ.

ಒಂಟಿ ಗಿಟಾರ್

75. ಇವತ್ತು ರಾತ್ರಿ ಕಳಿಸುತ್ತೇನೆ.